ಸ್ವಿಚ್ಚಿನ ಪಕ್ಕಕ್ಕೆ ಡಿಮ್ಮರ್: ಹಾಕಿಸುವ ಮುನ್ನ ತಿಳಿದಿರಬೇಕಾದ್ದು

ಸಂಜೆ ಅಂಗಡಿ ಮುಚ್ಚಿ ಮನೆಗೆ ಬಂದವರಿಗೆ ಪಡಸಾಲೆಯಲ್ಲಿ ಮೆಲ್ಲನೆಯ ಬೆಳಕಿದ್ದರೆ ಹಿತ. ಅದೇ ಪಡಸಾಲೆಯಲ್ಲಿ ಕುಳಿತು ಕಿರ್ದಿ-ಖತಾವಣಿ ನೋಡುವವರಿಗೆ, ಅಭ್ಯಾಸ ಮಾಡುವ ಮಕ್ಕಳಿಗೆ ಬೆಳಕು ಹೆಚ್ಚೇ ಬೇಕು. ಒಂದೇ ದೀಪದಿಂದ ಎರಡೂ ಕೆಲಸ ತೆಗೆಯುವ ಸಾಧನ ಡಿಮ್ಮರ್. ಫ್ಯಾನಿನ ರೆಗ್ಯುಲೇಟರಿನಂತೆ ಬೋರ್ಡಿನಲ್ಲಿ ಕೂರುವ ಗುಂಡಿ ಇದು. ಹೊಸ ಮನೆ ಕಟ್ಟಿಸುವವರಷ್ಟೇ ಅಲ್ಲ, ಹಳೆಯ ವಾಡೆ ದುರಸ್ತಿ ಮಾಡಿಸುವವರೂ ಇದನ್ನು ಕೇಳಿ ಹಾಕಿಸಿಕೊಳ್ಳುತ್ತಾರೆ. ಆದರೆ ಗುಂಡಿ ಕೊಳ್ಳುವುದು ಸುಲಭ, ಅದು ಸರಿಯಾಗಿ ಕೆಲಸ ಮಾಡುವಂತೆ ನೋಡಿಕೊಳ್ಳುವುದು ಸ್ವಲ್ಪ ತಿಳಿವಳಿಕೆಯ ಮಾತು.

ಹಿಂದೆ ಬೆಳಕು ತಗ್ಗಿಸಲು ತಂತಿಯ ಸುರುಳಿಯ ಮೂಲಕ ವಿದ್ಯುತ್ತನ್ನು ಹಾಯಿಸುತ್ತಿದ್ದರು. ದೀಪಕ್ಕೆ ಕೊಡದೆ ಉಳಿಸಿದ್ದು ಆ ಸುರುಳಿಯಲ್ಲಿ ಶಾಖವಾಗಿ ಹೋಗುತ್ತಿತ್ತು. ನಾಟಕ ಗೃಹಗಳಿಗೆ ಅದು ನಡೆಯಿತು, ಮನೆಯ ಗೋಡೆಗೆ ಹೊಂದಲಿಲ್ಲ. 1959ರಲ್ಲಿ ನ್ಯೂಯಾರ್ಕಿನಲ್ಲಿ ಜೋಯೆಲ್ ಸ್ಪೈರಾ ಎಂಬಾತ ಸ್ವಿಚ್ಚಿನ ಡಬ್ಬಿಯೊಳಗೇ ಅಡಗುವ ಎಲೆಕ್ಟ್ರಾನಿಕ್ ಡಿಮ್ಮರನ್ನು ರೂಪಿಸಿದ. 1961ರಲ್ಲಿ ಲೂಟ್ರಾನ್ ಎಂಬ ಕಂಪನಿಯನ್ನೂ ಆರಂಭಿಸಿದ. ಇಂದಿನ ಗುಂಡಿಗಳು ಅದೇ ಜಾಡಿನವು.

ಅದರ ಕೆಲಸ ಹೀಗೆ. ನಮ್ಮ ಮನೆಯ 230 ವೋಲ್ಟಿನ ವಿದ್ಯುತ್ತು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ, ಅಂದರೆ 100 ಅರ್ಧ ಅಲೆಗಳು. ಡಿಮ್ಮರು ಪ್ರತಿ ಅರ್ಧ ಅಲೆಯಲ್ಲೂ ಒಂದಿಷ್ಟು ಹೊತ್ತು ದೀಪವನ್ನು ಆರಿಸಿ, ಉಳಿದ ಹೊತ್ತು ಉರಿಸುತ್ತದೆ. ಅದು ಎಷ್ಟು ಬೇಗ ನಡೆಯುತ್ತದೆಂದರೆ ಕಣ್ಣಿಗೆ ಕಾಣುವುದು ಬೆಳಕು ತಗ್ಗಿದಂತೆ ಮಾತ್ರ.

ಎಲ್ಲ ತಾಪತ್ರಯ ಶುರುವಾಗುವುದು ಬಲ್ಬಿನಲ್ಲಿ. ಹಳೆಯ ತಂತಿಯ ಬಲ್ಬು ಯಾವ ಡಿಮ್ಮರಿಗೂ ಹೊಂದಿಕೊಳ್ಳುತ್ತಿತ್ತು. ಈಗ ಮನೆಮನೆಯಲ್ಲಿರುವುದು ಎಲ್‌ಇಡಿ. 2015ರ ಜನವರಿಯಲ್ಲಿ ಆರಂಭವಾದ ಉಜಾಲಾ ಯೋಜನೆಯ ಮೇಲೆ ಕಡಿಮೆ ದರದ ಎಲ್‌ಇಡಿ ಬಲ್ಬು ಹಳ್ಳಿಗಳಿಗೂ ಬಂತು. ಆದರೆ ಸಾಮಾನ್ಯ ಎಲ್‌ಇಡಿ ಬಲ್ಬನ್ನು ಡಿಮ್ಮರಿಗೆ ಜೋಡಿಸಿದರೆ ಮಿಣಮಿಣ ಎನ್ನುತ್ತದೆ, ಗುಂಯ್‌ಗುಡುತ್ತದೆ, ಬೇಗ ಕೆಡುತ್ತದೆ. ಪೆಟ್ಟಿಗೆಯ ಮೇಲೆ ‘ಡಿಮ್ಮಬಲ್’ ಎಂದು ಅಚ್ಚಾಗಿದ್ದರೆ ಮಾತ್ರ ತನ್ನಿ. ಡಿಮ್ಮರೂ ಎಲ್‌ಇಡಿಗೆ ಹೇಳಿ ಮಾಡಿಸಿದ್ದೇ ಆಗಿರಲಿ. ಹಳೆಯ ಮಾದರಿಯ ಡಿಮ್ಮರಿಗೆ ಕನಿಷ್ಠ ಇಷ್ಟು ವಾಟ್ ಭಾರವಿರಬೇಕೆಂಬ ಕಟ್ಟಳೆ ಇರುತ್ತದೆ, ಹಲವಕ್ಕೆ ಅದು 40 ಅಥವಾ 60 ವಾಟ್. ಒಂದೇ ಒಂದು 9 ವಾಟಿನ ಎಲ್‌ಇಡಿ ಅದಕ್ಕೆ ಸಾಲದು. ಗರಿಷ್ಠದ ಲೆಕ್ಕವೂ ಹಾಗೆಯೇ: ಮೇಲೆ 400 ವಾಟ್ ಎಂದು ಬರೆದಿದ್ದರೆ ಅದು ತಂತಿಯ ಬಲ್ಬಿನ ಲೆಕ್ಕ, ಎಲ್‌ಇಡಿಗೆ ಅದಕ್ಕಿಂತ ಬಹಳ ಕಡಿಮೆ. ಚೋಕಿನ ಟ್ಯೂಬ್‌ಲೈಟಿಗಂತೂ ಇದು ಬೇಡವೇ ಬೇಡ. ಫ್ಯಾನಿನ ರೆಗ್ಯುಲೇಟರನ್ನೇ ದೀಪಕ್ಕೂ ಹಾಕುತ್ತೇನೆನ್ನುವ ವೈರಮನ್ನನ ಮಾತಿಗೆ ಒಪ್ಪಬೇಡಿ. ಅದರ ಒಳಗಿನ ಕಟ್ಟೇ ಬೇರೆ.

ಬಿಲ್ಲು ಎಷ್ಟು ಉಳಿಯುತ್ತದೆ ಎಂಬುದು ವ್ಯಾಪಾರಸ್ಥರ ಮೊದಲ ಪ್ರಶ್ನೆ. ತಂತಿಯ ಬಲ್ಬಿನಲ್ಲಿ ಉಳಿತಾಯ ಅಷ್ಟಕ್ಕಷ್ಟೆ. ವೋಲ್ಟೇಜನ್ನು ಹತ್ತನೆಯ ಒಂದು ಭಾಗ ತಗ್ಗಿಸಿದರೆ ಬೆಳಕು ಶೇ. 30ರಷ್ಟು ಇಳಿಯುತ್ತದೆ, ಖರ್ಚು ಇಳಿಯುವುದು ಸುಮಾರು ಶೇ. 15 ಮಾತ್ರ. ಬಲ್ಬಿನ ಆಯುಷ್ಯ ಹೆಚ್ಚುತ್ತದೆ ಎನ್ನುವುದಷ್ಟೇ ಲಾಭ. ಎಲ್‌ಇಡಿಯಲ್ಲಿ ಬೆಳಕು ತಗ್ಗಿದಂತೆ ಖರ್ಚೂ ಹೆಚ್ಚುಕಡಿಮೆ ತಗ್ಗುತ್ತದೆ, ಆದರೆ 9 ವಾಟಿನಲ್ಲಿ ಉಳಿಸುವುದಾದರೂ ಏನಿದೆ? ಡಿಮ್ಮರು ಹಾಕಿಸುವುದು ಕಣ್ಣಿಗಾಗಿ, ಕಿಸೆಗಾಗಿ ಅಲ್ಲ. ಆ ಮಾತಿಗೆ ಬಂದರೆ, ‘ಝೀರೋ ಬಲ್ಬು’ ಎಂದು ರಾತ್ರಿಯೆಲ್ಲ ಉರಿಸುತ್ತಿದ್ದ ಹಳೆಯ ಚಿಕ್ಕ ಬಲ್ಬು ಹತ್ತು ಹದಿನೈದು ವಾಟ್ ತಿನ್ನುತ್ತಿತ್ತು.

ಕಣ್ಣಿನ ವಿಷಯದಲ್ಲಿ ಒಂದು ಎಚ್ಚರ. ಅರವತ್ತರ ವಯಸ್ಸಿನವರ ಕಣ್ಣಿನೊಳಗಿನ ಪರದೆಗೆ, ಇಪ್ಪತ್ತರ ತರುಣರ ಕಣ್ಣಿಗೆ ಮುಟ್ಟುವ ಬೆಳಕಿನ ಸುಮಾರು ಮೂರನೆಯ ಒಂದು ಪಾಲು ಮಾತ್ರ ಮುಟ್ಟುತ್ತದೆ. ಕಣ್ಣಿನ ಪಾಪೆ ಕಿರಿದಾಗಿರುತ್ತದೆ, ಮಸೂರ ಹಳದಿಗಟ್ಟಿರುತ್ತದೆ. ಮೊಮ್ಮಗನಿಗೆ ತಂಪೆನಿಸುವ ಬೆಳಕು ಅಜ್ಜಿಗೆ ಕತ್ತಲೆ. ರಾತ್ರಿ ಬಚ್ಚಲಿಗೆ ಹೋಗಲು ಎದ್ದವರು ಹೊಸ್ತಿಲು ಎಡವಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರೆ ಮನೆಯ ಅಂದಕ್ಕೆ ಹಾಕಿಸಿದ ಡಿಮ್ಮರು ಬಹಳ ದುಬಾರಿ ಬಿದ್ದಂತೆ. ಕನಿಷ್ಠ ಬೆಳಕು ಎಷ್ಟಿರಬೇಕೆಂದು ಗೊತ್ತುಮಾಡುವ ಚಿಕ್ಕ ತಿರುಪು ಕೆಲವು ಡಿಮ್ಮರುಗಳಲ್ಲಿರುತ್ತದೆ. ಹಿರಿಯರ ಕೋಣೆಯಲ್ಲಿ ಅದನ್ನು ತಿರುಗಿಸುವಾಗ ಹಿರಿಯರನ್ನೇ ಕೂರಿಸಿಕೊಂಡು, ಅವರು ಸಾಕೆಂದಲ್ಲಿಗೆ ನಿಲ್ಲಿಸಿ.

ಇನ್ನು ಜೋಡಣೆ. ಸ್ವಿಚ್ಚು, ಬಲ್ಬುಗಳನ್ನು ಇದ್ದಂತೆ ಬದಲಿಸುವುದಕ್ಕೆ 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೂ ಮುಂದೆ 2010ರ ನಿಬಂಧನೆಗಳಲ್ಲೂ ಮನೆಯವರಿಗೆ ಅಡ್ಡಿಯಿರಲಿಲ್ಲ. ವೈರಿಂಗಿನ ಸ್ವರೂಪ ಬದಲಾಗುವ ಕೆಲಸ ಪರವಾನಗಿ ಇದ್ದವರದು. ನಮ್ಮ ಸಲಹೆ, ಕೆಲಸ ವೈರಮನ್ನನಿಂದಲೇ ಆಗಲಿ, ಆದರೆ ಮನೆಯವರು ಪಕ್ಕದಲ್ಲಿ ನಿಂತು ನೋಡಲಿ.

ಮೊದಲು ಮೇನ್ ಬಂದ್ ಆಗಬೇಕು, ಬರಿಯ ದೀಪದ ಸ್ವಿಚ್ಚಲ್ಲ. ಟೆಸ್ಟರನ್ನು ಮೊದಲೇ ಕರೆಂಟಿರುವ ಪ್ಲಗ್ಗಿನಲ್ಲಿ ಹಿಡಿದು ಅದು ಹತ್ತುತ್ತದೆಯೆ ಎಂದು ನೋಡಿರಬೇಕು. ಕೆಟ್ಟ ಟೆಸ್ಟರು ಹತ್ತಲಿಲ್ಲವೆಂದು ತಂತಿ ಮುಟ್ಟಿ ಪ್ರಾಣಕ್ಕೆ ತಂದುಕೊಳ್ಳಬಾರದು. ಬೋರ್ಡು ಬಿಚ್ಚಿದಾಗ ಸ್ವಿಚ್ಚಿನ ಒಂದು ತುದಿಗೆ ಎರಡೆರಡು ತಂತಿ ಕಾಣಬಹುದು. ಅದು ಮುಂದಿನ ಸ್ವಿಚ್ಚಿಗೆ ಹೋಗುವ ಫೇಸಿನ ಲೂಪು. ಬಿಚ್ಚಿದರೂ ಅವೆರಡನ್ನು ಒಟ್ಟಿಗೇ ಕೂಡಿಸಬೇಕು, ಇಲ್ಲವಾದರೆ ಉಳಿದ ದೀಪಗಳು ಹತ್ತುವುದಿಲ್ಲ. ಹಳೆಯ ಮನೆಗಳಲ್ಲಿ ಮುಖ್ಯವಾಗಿ ನೋಡಬೇಕಾದದ್ದು, ಸ್ವಿಚ್ಚಿಗೆ ಬಂದಿರುವುದು ಫೇಸೋ ನ್ಯೂಟ್ರಲ್ಲೋ ಎಂಬುದು. ನ್ಯೂಟ್ರಲ್ಲಿಗೆ ಸ್ವಿಚ್ಚು ಕೂಡಿಸಿದ್ದರೆ ದೀಪ ಆರಿದಾಗಲೂ ಹೋಲ್ಡರಿನಲ್ಲಿ ಕರೆಂಟಿರುತ್ತದೆ. ಅಂಥ ವೈರಿಂಗು ಕಂಡರೆ ಡಿಮ್ಮರಿನ ಮಾತು ಬದಿಗಿಟ್ಟು ಅದನ್ನು ಮೊದಲು ಸರಿಪಡಿಸಿಕೊಳ್ಳಿ.

ಹಳೆಯ ಸ್ವಿಚ್ಚನ್ನು ತೆಗೆದು ಬಿಸಾಡುವುದೂ ಬೇಡ. ಬೋರ್ಡಿನಲ್ಲಿ ಜಾಗವಿದ್ದರೆ ಸ್ವಿಚ್ಚು ಇರಲಿ, ಅದರಿಂದ ಹೊರಟ ತಂತಿ ಪಕ್ಕದ ಡಿಮ್ಮರಿಗೆ ಬಂದು ದೀಪಕ್ಕೆ ಹೋಗಲಿ. ಗುಂಡಿ ಮುಟ್ಟದೆಯೇ ದೀಪ ಹಚ್ಚಿ ಆರಿಸಬಹುದು. ಬಲ್ಬು ಬದಲಿಸುವಾಗ ಇದು ಇನ್ನೂ ಮುಖ್ಯ: ಡಿಮ್ಮರನ್ನು ಪೂರ್ತಿ ತಗ್ಗಿಸಿದ್ದೇನೆಂದು ಹೋಲ್ಡರಿಗೆ ಕೈ ಹಾಕಬಾರದು, ಸ್ವಿಚ್ಚು ಬಂದ್ ಆಗಿರಬೇಕು. ಮಾಳಿಗೆಯ ಮೆಟ್ಟಿಲಿಗೆ ಮೇಲೊಂದು ಕೆಳಗೊಂದು ಸ್ವಿಚ್ಚಿದ್ದರೆ ಸಾಧಾರಣ ಡಿಮ್ಮರು ನಡೆಯದು, ಎರಡು ಕಡೆಯ ಸ್ವಿಚ್ಚಿಗೆಂದೇ ಬರುವುದನ್ನು ಕೇಳಿ ತರಬೇಕು.

ಕರೆಂಟು ಹೋದಾಗ ಇನ್ವರ್ಟರ್ ಮೇಲೆ ಉರಿಯುವ ದೀಪಕ್ಕೆ ಡಿಮ್ಮರು ಹಾಕಿಸುವವರು ತಮ್ಮ ಇನ್ವರ್ಟರ್ ಯಾವ ಬಗೆಯದೆಂದು ನೋಡಬೇಕು. ಸೈನ್‌ವೇವ್ ಆದರೆ ತೊಂದರೆಯಿಲ್ಲ. ಸ್ಕ್ವೇರ್‌ವೇವ್ ಆದರೆ ಡಿಮ್ಮರು ಗದ್ದಲ ಮಾಡುತ್ತದೆ, ದೀಪ ಕುಣಿಯುತ್ತದೆ.

ಅಂಗಡಿಯ ಮಾತೂ ಒಂದಿಷ್ಟು. ತಂತಿಯ ಬಲ್ಬನ್ನು ತಗ್ಗಿಸಿದರೆ ಬೆಳಕು ಕೆಂಪಾಗುತ್ತದೆ. ಆ ಬೆಳಕಿನಲ್ಲಿ ಆರಿಸಿದ ಸೀರೆ ಮನೆಯಲ್ಲಿ ಬೇರೆ ಬಣ್ಣ ಕಾಣುತ್ತದೆ, ಗಿರಾಕಿ ಮರುದಿನ ಹಿಂದಕ್ಕೆ ತರುತ್ತಾನೆ. ಬಟ್ಟೆ ಬಿಡಿಸಿ ತೋರಿಸುವ ಗಾದಿಯ ಮೇಲಿನ ದೀಪಕ್ಕೆ ಡಿಮ್ಮರೇ ಬೇಡ. ಷೋಕೇಸಿನಲ್ಲಿ ಅಂಟಿಸುವ ಎಲ್‌ಇಡಿ ಪಟ್ಟಿಗಳು ಸಾಮಾನ್ಯವಾಗಿ 12 ವೋಲ್ಟಿನವು, ಗೋಡೆಯ ಡಿಮ್ಮರು ಅವಕ್ಕೆ ತಾಗದು, ಅವುಗಳ ಅಡಾಪ್ಟರಿನ ಆಚೆ ಬದಿಗೆ ಬೇರೆ ಕಂಟ್ರೋಲರು ಬೇಕು.

ಹಾಕಿಸಿದ ಮೇಲೆ ಒಂದು ತಾಸು ಉರಿಸಿ ಡಿಮ್ಮರಿನ ಮೇಲೆ ಅಂಗೈ ಇಟ್ಟು ನೋಡಿ. ಕೊಂಚ ಬೆಚ್ಚಗಿರುವುದು ಸಹಜ. ಕೈ ಇಡಲಾರದಷ್ಟು ಸುಟ್ಟರೆ, ಅಥವಾ ಪ್ಲಾಸ್ಟಿಕ್ಕಿನ ವಾಸನೆ ಬಂದರೆ, ಮೇನ್ ಬಂದ್ ಮಾಡಿ ಆ ದಿನವೇ ವೈರಮನ್ನನನ್ನು ಕರೆಯಿಸಿ.