ವಹಾಕಾ: ಕಣಿವೆಗಳ ನಾಡು, ನುಡಿಗಳ ನಾಡು

ಮೆಕ್ಸಿಕೋ ದೇಶದ ದಕ್ಷಿಣದಲ್ಲಿ ಶಾಂತಸಾಗರದ ಅಂಚಿನವರೆಗೆ ಹಬ್ಬಿರುವ ರಾಜ್ಯ ವಹಾಕಾ. ಪರ್ವತಶ್ರೇಣಿಗಳು ಇಲ್ಲಿ ಒಂದನ್ನೊಂದು ಸಂಧಿಸಿ ನೆಲವನ್ನು ಅಸಂಖ್ಯ ಕಣಿವೆಗಳಾಗಿ ಸೀಳಿವೆ. ಕಣಿವೆಗೊಂದು ಜನ, ಜನಕ್ಕೊಂದು ನುಡಿ ಬೆಳೆದುದು ಇದರ ಫಲ. ಜಾಪೊಟೆಕ್, ಮಿಕ್ಸ್‌ಟೆಕ್ ಮೊದಲಾದ ಸುಮಾರು 16 ಮೂಲನಿವಾಸಿ ಜನಾಂಗಗಳು ಇಲ್ಲುಂಟು. ಒಂದು ಬೆಟ್ಟದ ಜಾಪೊಟೆಕ್ ಮಾತು ಮತ್ತೊಂದು ಬೆಟ್ಟದವರಿಗೆ ಅನೇಕ ವೇಳೆ ಅರ್ಥವಾಗದು.

ರಾಜಧಾನಿಯ ಹೆಸರೂ ವಹಾಕಾ. ಅದು ಉಷ್ಣವಲಯದೊಳಗಿದ್ದರೂ ಸಮುದ್ರಮಟ್ಟದಿಂದ ಸುಮಾರು 1,550 ಮೀಟರ್ ಎತ್ತರದಲ್ಲಿರುವುದರಿಂದ ಹವೆ ಹಿತಕರ. ಮಳೆ ಮೇ ತಿಂಗಳಿಂದ ಅಕ್ಟೋಬರಿನವರೆಗೆ. ಸಮೀಪದ ಗುಡ್ಡದ ನೆತ್ತಿಯನ್ನು ಸಮಗೊಳಿಸಿ ಜಾಪೊಟೆಕರು ಕ್ರಿಸ್ತಪೂರ್ವ 500ರ ಸುಮಾರಿಗೆ ಮೊಂತೆ ಆಲ್ಬಾನ್ ನಗರವನ್ನು ಕಟ್ಟತೊಡಗಿದರು.

ಈ ನಾಡಿನ ಹೆಸರಾಂತ ಪುತ್ರ ಬೆನಿಟೊ ಹ್ವಾರೆಸ್ (1806–1872). ಅನಾಥನಾದ ಈ ಜಾಪೊಟೆಕ್ ಬಾಲಕ 1818ರಲ್ಲಿ ಬೆಟ್ಟದ ಹಳ್ಳಿಯಿಂದ ರಾಜಧಾನಿಗೆ ಬಂದಾಗ ಅವನಿಗೆ ಸ್ಪ್ಯಾನಿಷ್ ಬಹುಮಟ್ಟಿಗೆ ಬಾರದು. ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ಸಲನುಯೇವಾ ಎಂಬ ದೈವಭಕ್ತನು ಆಶ್ರಯವಿತ್ತು ಶಾಲೆಗೆ ಸೇರಿಸಿದನು. ಆ ಬಾಲಕನೇ 1858ರಲ್ಲಿ ಮೆಕ್ಸಿಕೋದ ಅಧ್ಯಕ್ಷನಾದನು. ರಾಜಧಾನಿಯ ಪೂರ್ಣನಾಮದಲ್ಲಿ ಇಂದಿಗೂ ಅವನ ಹೆಸರಿದೆ.

ಆದರೆ ಸ್ಪ್ಯಾನಿಷೊಂದನ್ನೇ ಮಾನ್ಯಮಾಡಿದ ಶಾಲೆಗಳು ಬಹುಕಾಲ ಮನೆಮಾತನ್ನು ಹೊರಗಿಟ್ಟವು. ಇಷ್ಕಾಟೆಕ್ ಭಾಷೆಯನ್ನು ಇಂದು ಚೆನ್ನಾಗಿ ಆಡಬಲ್ಲವರು ಬೆರಳೆಣಿಕೆಯಷ್ಟು ವೃದ್ಧರು ಮಾತ್ರ.