ಮೈಸೂರಿನಿಂದ ಮೂಡಿಗೆರೆಗೆ: ಕಾಗದಗಳು ಕೂಡಿಸಿದ ಜೋಡಿ

ಮೈಸೂರಿನಲ್ಲಿ ಓದುವಾಗ ಪರಿಚಯವಾಗಿ, ಸ್ನೇಹ ಬೆಳೆದು, ಆಮೇಲೆ ಬೇರೆ ಬೇರೆ ಊರುಗಳಲ್ಲಿದ್ದುಕೊಂಡೇ ಪ್ರೀತಿಯನ್ನು ಕಾಪಾಡಿಕೊಂಡು ಮದುವೆಯಾದವರು ನಾಡಿನ ಉದ್ದಕ್ಕೂ ಸಿಗುತ್ತಾರೆ. ಅವರೆಲ್ಲರ ಪರವಾಗಿ ಒಂದು ಜೋಡಿಯ ಹೆಸರು ಹೇಳಬೇಕೆಂದರೆ ನಾನು ಹೇಳುವುದು ಲೇಖಕ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರದು. ತೇಜಸ್ವಿಯವರ ಕಾಡು, ಮೀನು ಶಿಕಾರಿ, ಸ್ಕೂಟರು, ಕ್ಯಾಮೆರಾಗಳ ಬಗ್ಗೆ ನಾವು ಬೇಕಾದಷ್ಟು ಮಾತಾಡಿದ್ದೇವೆ. ಆ ಬದುಕಿಗೆ ಜೊತೆಯಾಗಲು ಒಪ್ಪಿದ ಹೆಣ್ಣುಮಗಳ ಬಗ್ಗೆ, ಆ ಒಪ್ಪಿಗೆ ಮಾಗಿದ ವರ್ಷಗಳ ಬಗ್ಗೆ ಆಡಿದ ಮಾತು ಕಡಿಮೆ.

ರಾಜೇಶ್ವರಿ ಬೆಂಗಳೂರಿನವರು. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಲು ಮೈಸೂರಿಗೆ ಬಂದರು. ತೇಜಸ್ವಿ ಕನ್ನಡ ಎಂ.ಎ. ವಿದ್ಯಾರ್ಥಿ. ಅವರ ತಂದೆ, ಕವಿ ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದವರು. ಸ್ನಾತಕೋತ್ತರ ವಿಭಾಗಗಳ ಹೊಸ ಆವರಣಕ್ಕೆ ‘ಮಾನಸಗಂಗೋತ್ರಿ’ ಎಂದು ಹೆಸರಿಟ್ಟವರೂ ಅವರೇ. ಅಂಥವರ ಮಗ ಎಂ.ಎ. ಮುಗಿಸಿದರೆ ಮುಂದೇನು ಎಂಬುದನ್ನು ಊರೇ ತೀರ್ಮಾನಿಸಿಬಿಟ್ಟಿರುತ್ತದೆ: ಯಾವುದಾದರೂ ಕಾಲೇಜಿನಲ್ಲಿ ಅಧ್ಯಾಪಕ, ಮೈಸೂರಿನಲ್ಲೇ ಮನೆ. ತೇಜಸ್ವಿ ನೌಕರಿಯ ದಾರಿ ಹಿಡಿಯಲಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಸೀಮೆಗೆ ಹೋಗಿ ಕಾಫಿ ತೋಟ ಮಾಡಲು ನಿಂತರು. ಆ ತೋಟದ ಹೆಸರು ‘ಚಿತ್ರಕೂಟ’.

ಅಲ್ಲಿಂದ ಶುರುವಾಯಿತು ಅಗಲಿಕೆ. ಹಾಸನ, ಬೇಲೂರು ಹಾದು ಹೋದರೆ ಮೈಸೂರಿನಿಂದ ಮೂಡಿಗೆರೆ ಸುಮಾರು 180 ಕಿಲೋಮೀಟರ್. ಇವತ್ತು ಬೆಳಿಗ್ಗೆ ತಿಂಡಿ ತಿಂದು ಹೊರಟವರು ಮಧ್ಯಾಹ್ನದ ಊಟಕ್ಕೆ ಅಲ್ಲಿರುತ್ತಾರೆ. ಆದರೆ ಅರವತ್ತರ ದಶಕದ ಮಲೆನಾಡಿನಲ್ಲಿ ಮಳೆಗಾಲವೆಂದರೆ ತಿಂಗಳುಗಟ್ಟಲೆ. ಫೋನು ಎಲ್ಲರ ಮನೆಯ ವಸ್ತುವಾಗಿರಲಿಲ್ಲ. ದೂರದ ಊರಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಉಳಿದದ್ದು ಅಂಚೆ. ಪಿನ್‌ಕೋಡ್ ಕೂಡ ಬಂದಿರದ ಕಾಲ ಅದು. ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಹೆಸರು, ಊರು, ತಾಲ್ಲೂಕು ಬರೆದ ಕಾಗದ ಪೋಸ್ಟ್‌ಮ್ಯಾನ್‌ನ ನೆನಪಿನ ಬಲದ ಮೇಲೆಯೇ ತಲುಪಬೇಕಿತ್ತು.

ತೇಜಸ್ವಿ ಬರೆದರು. ರಾಜೇಶ್ವರಿ ಆ ಕಾಗದಗಳನ್ನು ಜೋಪಾನವಾಗಿ ಇಟ್ಟುಕೊಂಡರು. 2007ರ ಏಪ್ರಿಲ್ 5ರಂದು ತೇಜಸ್ವಿ ತೀರಿಕೊಂಡ ಮೇಲೆ ರಾಜೇಶ್ವರಿ ಬರೆದ ‘ನನ್ನ ತೇಜಸ್ವಿ’ ಪುಸ್ತಕದಲ್ಲಿ ಆ ಪತ್ರಗಳು ಓದುಗರ ಮುಂದೆ ಬಂದವು. ಅಷ್ಟು ವರ್ಷ ಪೆಟ್ಟಿಗೆಯಲ್ಲಿದ್ದುದನ್ನು ಅವರು ಸಂಕೋಚವಿಲ್ಲದೆ, ಆಡಂಬರವೂ ಇಲ್ಲದೆ ತೆರೆದಿಟ್ಟರು. ಕನ್ನಡದಲ್ಲಿ ಒಬ್ಬ ಹೆಣ್ಣುಮಗಳು ತನ್ನ ಪ್ರೇಮವನ್ನು ಇಷ್ಟು ನೇರವಾಗಿ, ಇಷ್ಟು ಘನತೆಯಿಂದ ಹೇಳಿಕೊಂಡ ಪುಸ್ತಕಗಳು ಬೆರಳೆಣಿಕೆಯಷ್ಟು.

ಈ ಪ್ರೇಮದಲ್ಲಿ ದೂರ ಮಾಡಿದ ಕೆಲಸವೇನು ಎಂದು ಯೋಚಿಸಿದಾಗ ನನಗೆ ಕಾಣುವುದು ಇಷ್ಟು. ರಾಜೇಶ್ವರಿ ಒಬ್ಬ ಗಂಡಸನ್ನು ಮಾತ್ರ ಒಪ್ಪಿಕೊಳ್ಳಬೇಕಾಗಿರಲಿಲ್ಲ. ತಿಂಗಳ ಸಂಬಳವಿಲ್ಲದ, ಪೇಟೆಯ ಅನುಕೂಲವಿಲ್ಲದ, ಮಳೆ ಮತ್ತು ಕಾಫಿ ಬೆಲೆಯನ್ನು ನಂಬಿಕೊಂಡ ಬದುಕನ್ನೂ ಒಪ್ಪಿಕೊಳ್ಳಬೇಕಿತ್ತು. ಕಾಲೇಜಿನ ಕಾರಿಡಾರಿನಲ್ಲಿ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಅಂಥ ನಿರ್ಧಾರ ಆಗುವುದಿಲ್ಲ. ಎದುರಿಗಿದ್ದಾಗ ಮುಖ ನೋಡಿ ಮಾತು ಮರೆತುಬಿಡುತ್ತೇವೆ; ಬರೆಯಲು ಕೂತಾಗ ಹೇಳಬೇಕಾದ್ದನ್ನು ಹೇಳಲೇಬೇಕು. ಓದಿದವರು ಮತ್ತೆ ಓದಬಹುದು, ಒಂದು ವಾರ ಯೋಚಿಸಬಹುದು. ಹೀಗೆ ಕಾಲ ತೆಗೆದುಕೊಂಡು ಕೊಟ್ಟ ಒಪ್ಪಿಗೆ ಗಟ್ಟಿಯಾಗಿರುತ್ತದೆ.

1966ರ ನವೆಂಬರ್ 27ರಂದು ಚಿತ್ರಕೂಟದಲ್ಲಿ ಮದುವೆ ನಡೆಯಿತು. ಕುವೆಂಪು ರೂಪಿಸಿದ ‘ಮಂತ್ರಮಾಂಗಲ್ಯ’ದ ಮೊದಲ ಮದುವೆ ಅದು. ಮುಹೂರ್ತ, ರಾಹುಕಾಲ, ಜಾತಕ ಯಾವುದೂ ಇಲ್ಲ. ಪುರೋಹಿತರಿಲ್ಲ, ವರದಕ್ಷಿಣೆಯ ಮಾತೇ ಇಲ್ಲ, ದುಂದುವೆಚ್ಚವಿಲ್ಲ. ಉಪನಿಷತ್ತುಗಳ ಮತ್ತು ದಾರ್ಶನಿಕರ ಮಾತುಗಳನ್ನು ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ ಓದುವುದು. ಹೆಣ್ಣು ಗಂಡು ಸರಿಸಮಾನರಾಗಿ ಬಾಳುವೆವೆಂದು ಬಂಧುಮಿತ್ರರ ಎದುರು ಮಾತು ಕೊಡುವುದು. ಎರಡು ವರ್ಷಗಳ ಹಿಂದಷ್ಟೇ ರಾಷ್ಟ್ರಕವಿ ಗೌರವ ಪಡೆದಿದ್ದ ತಂದೆ ಮನಸ್ಸು ಮಾಡಿದ್ದರೆ ಮೈಸೂರೇ ಮಾತಾಡುವಂಥ ಮದುವೆ ಮಾಡಬಹುದಿತ್ತು. ತಾವು ಬರೆದದ್ದನ್ನು ಅವರು ತಮ್ಮ ಮನೆಯಲ್ಲೇ ನಡೆಸಿ ತೋರಿಸಿದರು.

ಆ ಮದುವೆಯ ಸರಳತೆಗೂ ಅದಕ್ಕೆ ಮುಂಚಿನ ಪತ್ರಗಳಿಗೂ ಸಂಬಂಧವಿದೆ ಎಂದು ನಾನು ನಂಬುತ್ತೇನೆ. ಇಬ್ಬರ ನಡುವೆ ಮಾತೆಲ್ಲ ಆಗಿಹೋಗಿದ್ದರೆ ಛತ್ರ, ವಾಲಗ, ಸಾವಿರ ಜನರ ಊಟ ಸೇರಿಸಬೇಕಾದ್ದು ಏನೂ ಉಳಿದಿರುವುದಿಲ್ಲ. ಮುಂದೆ ರೈತ ಚಳವಳಿ ಮಂತ್ರಮಾಂಗಲ್ಯವನ್ನು ಹಳ್ಳಿಹಳ್ಳಿಗೆ ಒಯ್ದಿತು. ಮದುವೆಯ ಸಾಲದಲ್ಲಿ ಜಮೀನು ಕಳೆದುಕೊಳ್ಳುತ್ತಿದ್ದ ಕುಟುಂಬಗಳಿಗೆ ಅದೊಂದು ದಾರಿಯಾಯಿತು. ಇಂದಿಗೂ ನಾಡಿನ ಹಲವೆಡೆ ಮಂತ್ರಮಾಂಗಲ್ಯದ ಮದುವೆಗಳು ನಡೆಯುತ್ತಿವೆ.

ಮದುವೆಯಾದ ಮೇಲಿನ ಬದುಕು ಪತ್ರಗಳಲ್ಲಿ ಕಂಡದ್ದಕ್ಕಿಂತ ಸುಲಭವಾಗಿರಲಿಲ್ಲ. ತೋಟದ ಕಷ್ಟನಷ್ಟ, ಮಕ್ಕಳ ಓದು, ಚಿತ್ರಕೂಟದಿಂದ ‘ನಿರುತ್ತರ’ ಎಂಬ ಮನೆಗೆ ವಾಸ ಬದಲಾದದ್ದು ಎಲ್ಲವನ್ನೂ ಇಬ್ಬರೂ ಸೇರಿ ನಿಭಾಯಿಸಿದರು. ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’, ‘ಕರ್ವಾಲೋ’, ‘ಚಿದಂಬರ ರಹಸ್ಯ’ ಹುಟ್ಟಿದ್ದು ಆ ಮಲೆನಾಡಿನ ಸಂಸಾರದೊಳಗೆ. ನಲವತ್ತು ವರ್ಷ ಮೀರಿದ ದಾಂಪತ್ಯ ಅದು. ರಾಜೇಶ್ವರಿ 2021ರ ಡಿಸೆಂಬರ್ 14ರಂದು ತೀರಿಕೊಂಡರು.

ಈಗ ಮೈಸೂರಿನ ಹುಡುಗ ಹುಡುಗಿಯರು ಬೆಂಗಳೂರು, ಪುಣೆ, ಅಮೆರಿಕ, ಜರ್ಮನಿಗಳಲ್ಲಿ ಹಂಚಿಹೋಗಿದ್ದಾರೆ. ವಿಡಿಯೋ ಕಾಲ್‌ನಲ್ಲಿ ದಿನವೂ ಮುಖ ಕಾಣುತ್ತದೆ. ಊಟ ಆಯ್ತಾ, ನಿದ್ದೆ ಬಂತಾ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಎಲ್ಲಿ ಇರೋಣ, ಯಾರ ಕೆಲಸಕ್ಕಾಗಿ ಯಾರು ಊರು ಬಿಡಬೇಕು, ಅಪ್ಪ ಅಮ್ಮನನ್ನು ಯಾರು ನೋಡಿಕೊಳ್ಳಬೇಕು, ದುಡ್ಡಿನ ಲೆಕ್ಕ ಹೇಗೆ ಎಂಬ ಪ್ರಶ್ನೆಗಳು ಮದುವೆಯ ನಂತರಕ್ಕೆ ಉಳಿದುಬಿಡುತ್ತವೆ. ದೂರವಿರುವ ಪ್ರೇಮಿಗಳಲ್ಲಿ ನನ್ನ ಕೋರಿಕೆ ಒಂದೇ: ಆ ಪ್ರಶ್ನೆಗಳನ್ನು ಈಗಲೇ ಕೇಳಿಕೊಳ್ಳಿ, ಸಾಧ್ಯವಾದರೆ ಬರೆದೇ ಕೇಳಿಕೊಳ್ಳಿ. ಹೆತ್ತವರಲ್ಲಿಯೂ ಒಂದು ಮಾತು: ಮಕ್ಕಳು ಸರಳ ಮದುವೆ ಸಾಕು ಎಂದರೆ ಮರ್ಯಾದೆಯ ಚಿಂತೆ ಬಿಟ್ಟು ಒಪ್ಪಿಕೊಳ್ಳಿ. ಆ ಮದುವೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ, ಉಳಿದ ಹಣವನ್ನು ಅವರ ಹೊಸ ಬದುಕಿಗೆ ಕೊಡಿ.