ಆಕಾಶವಾಣಿಯ ತವರು ಮತ್ತು ಊರಿನ ದನಿ

2024ನೆಯ ಇಸವಿಯ ಆಗಸ್ಟ್ 28ರಂದು ಕೇಂದ್ರ ಮಂತ್ರಿಮಂಡಲವು ದೇಶದ 234 ಹೊಸ ಪಟ್ಟಣಗಳಲ್ಲಿ 730 ಖಾಸಗಿ ಎಫ್‌ಎಂ ಬಾನುಲಿ ವಾಹಿನಿಗಳನ್ನು ಹರಾಜಿಗಿಡಲು ಸಮ್ಮತಿಯಿತ್ತಿತು. ಹರಾಜಿನ ಮೂಲಬೆಲೆ 784.87 ಕೋಟಿ ರೂಪಾಯಿ. ಇದರಿಂದ ಮಾತೃಭಾಷೆಯಲ್ಲಿ ಸ್ಥಳೀಯ ಕಾರ್ಯಕ್ರಮಗಳು ಹೆಚ್ಚುವುವೆಂಬುದು ಸರಕಾರವು ಕೊಟ್ಟ ಕಾರಣಗಳಲ್ಲೊಂದು. ಬೆಲೆಯ ಲೆಕ್ಕವು ದಶಾಂಶದವರೆಗೂ ಸ್ಪಷ್ಟವಾಗಿದೆ. ಮಾತೃಭಾಷೆಯ ಭರವಸೆಯು ಎಷ್ಟರಮಟ್ಟಿಗೆ ನೆರವೇರುವುದೆಂಬುದು ಮಾತ್ರ ಆಮೇಲೆ ತಿಳಿಯತಕ್ಕ ಸಂಗತಿ. ಊರಿನ ಹೆಸರಿನಲ್ಲಿ ಪರವಾನಗಿ ಪಡೆದ ಕೇಂದ್ರವು ಊರಿನ ದನಿಯಾಗಿ ಉಳಿಯುವುದೆ, ಅಥವಾ ದೂರದ ಒಡೆಯನ ದನಿಯನ್ನು ಊರಿನಲ್ಲಿ ಹರಡುವ ಕೊಳವೆಯಾಗುವುದೆ? ಈ ಪ್ರಶ್ನೆಯನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಉತ್ತರಕ್ಕಾಗಿ ದೂರ ಹೋಗಬೇಕಾದುದಿಲ್ಲ. ಮೈಸೂರಿನ ಯಾದವಗಿರಿಯಿಂದ 100.6 ಮೆಗಾಹರ್ಟ್ಸ್ ತರಂಗದಲ್ಲಿ ಪ್ರಸಾರವಾಗುವ ಆಕಾಶವಾಣಿಯ ಚರಿತ್ರೆಯೇ ನಮಗೆ ಸಾಕಷ್ಟು ಪಾಠ ಹೇಳಬಲ್ಲುದು. ಆ ಊರಿನ ಬಾನುಲಿಗೆ ಒಡೆಯರು ಬದಲಾದರು, ನೆಲೆ ಬದಲಾಯಿತು, ತರಂಗ ಬದಲಾಯಿತು, ಕಾರ್ಯಕ್ರಮಗಳ ರೀತಿಯೂ ಬದಲಾಯಿತು. ಇಷ್ಟು ಬದಲಾವಣೆಗಳ ನಡುವೆ ಉಳಿದುದೇನು, ಕಳೆದುದೇನು ಎಂಬುದನ್ನು ನೋಡಿದರೆ ಮುಂದಿನ ದಾರಿಯು ತಾನಾಗಿ ಕಾಣುವುದು.

1935ರ ಸೆಪ್ಟೆಂಬರ್ 10ರಂದು, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಾದ 'ವಿಠ್ಠಲ ವಿಹಾರ'ದಿಂದ ಪ್ರಸಾರವನ್ನು ಪ್ರಾರಂಭಿಸಿದರು. ಅವರಲ್ಲಿದ್ದುದು 30 ವ್ಯಾಟ್ ಶಕ್ತಿಯ ಒಂದು ಪುಟ್ಟ ಪ್ರಸಾರ ಯಂತ್ರ. ಇಂದಿನ ಮನೆಗಳಲ್ಲಿ ಒಂದೆರಡು ದೀಪಗಳಿಗೆ ಬೇಕಾಗುವಷ್ಟು ಶಕ್ತಿ! ಆಗ ದೆಹಲಿಯ ಪ್ರಸಾರ ಇಲಾಖೆಗೆ 'ಆಲ್ ಇಂಡಿಯಾ ರೇಡಿಯೋ' ಎಂಬ ಹೆಸರು ಸಹ ಬಂದಿರಲಿಲ್ಲ. ಅದು ಬಂದುದು 1936ರಲ್ಲಿ. ಮೈಸೂರಿನ ಕೇಂದ್ರಕ್ಕಾದರೋ 'ಆಕಾಶವಾಣಿ' ಎಂಬ ಸುಂದರವಾದ ಹೆಸರು ದೊರಕಿತು. ಆ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಹೇಳುವುದುಂಟು. ಸರಕಾರದ ಆಜ್ಞೆಯಿಲ್ಲದೆ, ಲಾಭದ ಆಸೆಯಿಲ್ಲದೆ, ಒಬ್ಬ ಉಪಾಧ್ಯಾಯರು ತಮ್ಮ ಊರಿನ ವಿದ್ವಾಂಸರನ್ನೂ ಸಂಗೀತಗಾರರನ್ನೂ ಮನೆಗೆ ಕರೆದು, ಅವರ ಮಾತನ್ನೂ ಗಾನವನ್ನೂ ನೆರೆಹೊರೆಗೆ ಹಂಚಿದರು. ಸ್ಥಳೀಯ ಬಾನುಲಿಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾವು ಕಂಡಿಲ್ಲ.

ಆದರೆ ಉತ್ಸಾಹವೊಂದರಿಂದಲೇ ಯಂತ್ರ ನಡೆಯುವುದಿಲ್ಲ. ಖರ್ಚು ಬೆಳೆಯಿತು. 1942ರಲ್ಲಿ ಮೈಸೂರು ಸಂಸ್ಥಾನದ ಸರಕಾರವು ಕೇಂದ್ರವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಸಂಸ್ಥಾನವು ಭಾರತದಲ್ಲಿ ಸೇರಿದ ಮೇಲೆ, 1950ರ ಏಪ್ರಿಲ್ 1ರಂದು ಅದು ಆಲ್ ಇಂಡಿಯಾ ರೇಡಿಯೋದಲ್ಲಿ ಲೀನವಾಯಿತು. ಅದೇ ವರ್ಷದ ಜನವರಿ 8ರಂದು ಧಾರವಾಡದಲ್ಲಿಯೂ ಕೇಂದ್ರವು ಪ್ರಾರಂಭವಾಗಿತ್ತು. ಕನ್ನಡ ನಾಡು ಇನ್ನೂ ಹಂಚಿಹೋಗಿದ್ದ ಕಾಲವದು. ಒಂದಾದುದು 1956ರ ನವೆಂಬರ್ 1ರಂದು. ನಕ್ಷೆಯಲ್ಲಿ ಕೂಡದಿದ್ದ ಕನ್ನಡಿಗರು ಬಾನಿನಲ್ಲಿ ಒಬ್ಬರ ಮಾತನ್ನೊಬ್ಬರು ಕೇಳುವಂತಾದುದು ಅಲ್ಪ ಲಾಭವಲ್ಲ. ಸರಕಾರದ ಹಣ, ಬಲವಾದ ಯಂತ್ರ, ನಿಲಯದ ಕಲಾವಿದರಿಗೆ ಜೀವನೋಪಾಯ—ಇವೆಲ್ಲ ವಿಲೀನದ ಫಲಗಳೇ. ಇದನ್ನು ಮರೆತು ಕೇಂದ್ರವನ್ನು ನಿಂದಿಸುವುದು ನ್ಯಾಯವಾಗಲಾರದು.

ಫಲದೊಡನೆ ಮುಳ್ಳೂ ಬಂದಿತು. ಯಾವ ಕಾರ್ಯಕ್ರಮ ಬೇಕು, ಯಾವುದು ಬೇಡ ಎಂಬುದನ್ನು ದೆಹಲಿಯೇ ನಿರ್ಧರಿಸತೊಡಗಿತು. 1952ರಲ್ಲಿ ಪ್ರಸಾರ ಖಾತೆಯ ಮಂತ್ರಿಯಾದ ಡಾಕ್ಟರ್ ಬಿ. ವಿ. ಕೇಸ್ಕರರು ಶಾಸ್ತ್ರೀಯ ಸಂಗೀತವನ್ನು ಉದ್ಧರಿಸುವ ಸದುದ್ದೇಶದಿಂದ ಚಲಚ್ಚಿತ್ರಗೀತೆಗಳನ್ನು ಬಾನುಲಿಯಿಂದ ಬಹುಮಟ್ಟಿಗೆ ಹೊರಗಟ್ಟಿದರು. ಶ್ರೋತೃಗಳೇನು ಮಾಡಿದರು? ತಮ್ಮ ಪೆಟ್ಟಿಗೆಗಳ ಮುಳ್ಳನ್ನು ಸಿಂಹಳದ ರೇಡಿಯೋ ಸಿಲೋನಿನ ಕಡೆಗೆ ತಿರುಗಿಸಿದರು. ಅವರನ್ನು ಮರಳಿ ಕರೆತರುವುದಕ್ಕೋಸ್ಕರ 1957ರ ಅಕ್ಟೋಬರ್ 3ರಂದು 'ವಿವಿಧ ಭಾರತಿ'ಯನ್ನು ಹುಟ್ಟಿಸಬೇಕಾಯಿತು. 1967ರಲ್ಲಿ ಅದಕ್ಕೆ ಜಾಹೀರಾತುಗಳೂ ಬಂದವು. ಕೇಳುವವನ ಅಭಿರುಚಿಯನ್ನು ತಿದ್ದಬಹುದು, ತುಳಿಯಲಾಗದು ಎಂಬುದು ಈ ಪ್ರಕರಣದ ನೀತಿ.

ಮೈಸೂರಿಗಂತೂ ಇನ್ನೂ ದೊಡ್ಡ ಪೆಟ್ಟು ಕಾದಿತ್ತು. 1955ರಲ್ಲಿ ಕೇಂದ್ರವು ಬೆಂಗಳೂರಿಗೆ ಸ್ಥಳಾಂತರಗೊಂಡಿತು. ರಾಜಧಾನಿಗೆ ಬಲವಾದ ಕೇಂದ್ರ ಬೇಕೆಂಬುದು ಒಪ್ಪತಕ್ಕ ಮಾತೇ. ಆದರೆ ಹೊಸ ಮಗುವಿಗೆ ಹಾಲು ಬೇಕೆಂದು ಹಳೆಯ ಮಗುವಿನ ಬಟ್ಟಲನ್ನು ಕಿತ್ತುಕೊಳ್ಳುವುದುಂಟೆ? ಆಕಾಶವಾಣಿಯೆಂಬ ಹೆಸರು ಹುಟ್ಟಿದ ಊರಿಗೆ ಸ್ವಂತ ದನಿಯಿಲ್ಲದೆ ಹತ್ತೊಂಬತ್ತು ವರ್ಷಗಳು ಕಳೆದುವು. 1974ರಲ್ಲಿ ಮಾತ್ರ ಅಲ್ಲಿ ಮತ್ತೆ ಕೇಂದ್ರವು ತೆರೆಯಿತು. ಇದರ ನಡುವೆ, 1956-57ರ ವೇಳೆಗೆ, ಮೈಸೂರಿನ ಆ ಹೆಸರನ್ನೇ ಅಖಿಲ ಭಾರತದ ಪ್ರಸಾರ ಸಂಸ್ಥೆಯು ತನ್ನದಾಗಿ ಮಾಡಿಕೊಂಡಿತ್ತು! ಹೆಸರು ದೇಶಕ್ಕೆ ಸಂದಿತು. ಹೆಸರಿಟ್ಟ ಊರು ಮೌನವಾಗಿತ್ತು. 2023ರ ಮೇ ತಿಂಗಳಿನಲ್ಲಿ ಪ್ರಸಾರ ಭಾರತಿಯು 'ಆಲ್ ಇಂಡಿಯಾ ರೇಡಿಯೋ' ಎಂಬ ಇಂಗ್ಲಿಷ್ ಹೆಸರನ್ನು ಬಿಟ್ಟು 'ಆಕಾಶವಾಣಿ' ಎಂದೇ ಹೇಳತಕ್ಕದ್ದೆಂದು ಆಜ್ಞೆ ಹೊರಡಿಸಿದಾಗ ಕನ್ನಡಿಗರು ಹೆಮ್ಮೆಪಟ್ಟುದು ಸಹಜ. ಆದರೆ ಹೆಸರಿನ ಗೌರವವು ದನಿಯ ಗೌರವವಾಗಿ ಪರಿಣಮಿಸಿದರಲ್ಲವೆ ಹೆಮ್ಮೆಗೆ ಅರ್ಥ?

ಇನ್ನು ಎಫ್‌ಎಂ ಎಂಬುದರ ಸ್ವಭಾವವನ್ನು ಎರಡು ಮಾತಿನಲ್ಲಿ ಹೇಳಬೇಕಾಗಿದೆ. ಹಳೆಯ ಮಧ್ಯಮ ತರಂಗವು ನೆಲವನ್ನು ಹಿಡಿದು ಬಹುದೂರ ಸಾಗುವುದು; ರಾತ್ರಿಯ ವೇಳೆ ಮೇಲಿನ ವಾಯುಮಂಡಲಕ್ಕೆ ತಾಕಿ ಇನ್ನೂ ದೂರ ಹಾಯುವುದು. ಗುಡುಗು ಸಿಡಿಲುಗಳ ಕರಕರ ಸದ್ದು ಅದರೊಡನೆ ಬೆರೆಯುವುದು. 88ರಿಂದ 108 ಮೆಗಾಹರ್ಟ್ಸ್‌ವರೆಗಿನ ಎಫ್‌ಎಂ ತರಂಗವು ಹಾಗಲ್ಲ. ಅದರ ದನಿ ತಿಳಿಯಾದುದು. ಆದರೆ ಬಹುಮಟ್ಟಿಗೆ ಗೋಪುರದ ಕಣ್ಣಿಗೆ ಕಾಣುವಷ್ಟು ದೂರಕ್ಕೆ ಮಾತ್ರ ಅದು ಹರಿಯುವುದು. ಅಂದರೆ ಎಫ್‌ಎಂ ಹುಟ್ಟಿನಿಂದಲೇ ಊರಿನ ವಸ್ತು. ಒಂದು ಪಟ್ಟಣ, ಅದರ ಸುತ್ತಣ ಹಳ್ಳಿಗಳು—ಇಷ್ಟೇ ಅದರ ರಾಜ್ಯ. ಭಾರತದಲ್ಲಿ ಅದು ಮೊದಲು ಕೇಳಿಸಿದುದು 1977ರಲ್ಲಿ, ಮದರಾಸಿನಲ್ಲಿ. ಇಂಥ ತರಂಗದ ಮೇಲೆ ನಿಂತು ಊರಿನ ಸುದ್ದಿಯನ್ನು ಹೇಳದಿರುವುದು ಬಾವಿಯ ಕಟ್ಟೆಯ ಮೇಲೆ ಕುಳಿತು ಬಾಯಾರಿ ಬಳಲಿದಂತೆ.

ಬಾನಿನ ತರಂಗಗಳು ಸಾರ್ವಜನಿಕ ಸ್ವತ್ತೆಂದು ದೇಶದ ಸರ್ವೋಚ್ಚ ನ್ಯಾಯಾಲಯವು 1995ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಅನಂತರ ಖಾಸಗಿಯವರಿಗೆ ಬಾಗಿಲು ತೆರೆಯಿತು. 2001ರ ಜುಲೈ 3ರಂದು ಬೆಂಗಳೂರಿನಲ್ಲಿ 91.0 ಮೆಗಾಹರ್ಟ್ಸ್‌ನಲ್ಲಿ ಪ್ರಾರಂಭವಾದ 'ರೇಡಿಯೋ ಸಿಟಿ'ಯು ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ. ಖಾಸಗಿ ಬಾನುಲಿಯ ಮೊದಲ ದನಿಯೂ ಕನ್ನಡ ನೆಲದಿಂದಲೇ ಎದ್ದಿತು. ಆದರೆ ಅಲ್ಲಿ ಮೊದಮೊದಲು ಹಿಂದಿ, ಇಂಗ್ಲಿಷ್ ಹಾಡುಗಳಿಗೆ ಸಿಕ್ಕಿದ ಆಸನವು ಕನ್ನಡಕ್ಕೆ ಸಿಕ್ಕಲಿಲ್ಲ. ಕನ್ನಡಪರ ಸಂಘಗಳು ಪ್ರತಿಭಟಿಸಿದುವು. 2006ರಿಂದ ಮುಂದೆ ಮತ್ತಷ್ಟು ಕೇಂದ್ರಗಳು ಬಂದುವು. ಆ ವರ್ಷದ ಕೊನೆಗೆ ತೆರೆಕಂಡ 'ಮುಂಗಾರು ಮಳೆ'ಯ ಹಾಡುಗಳು ನಾಡೆಲ್ಲ ಹಬ್ಬಿದುವು. ಕನ್ನಡ ಹಾಡಿಗೆ ಕಿವಿಗಳೂ ಇವೆ, ಜಾಹೀರಾತುದಾರರೂ ಇದ್ದಾರೆ ಎಂಬುದು ವ್ಯಾಪಾರಿಗಳಿಗೆ ಅರಿವಾಯಿತು. ಕೇಂದ್ರಗಳು ಒಂದೊಂದಾಗಿ ಕನ್ನಡದ ಕಡೆಗೆ ಹೊರಳಿದುವು. ಹೊರಳಿಸಿದುದು ಪ್ರತಿಭಟನೆಯೊಂದೇ ಅಲ್ಲ, ಲೆಕ್ಕದ ಪುಸ್ತಕವೊಂದೇ ಅಲ್ಲ. ಎರಡೂ ಕೂಡಿದುದರಿಂದ ಕಾರ್ಯವಾಯಿತು.

ಆದುದರಿಂದಲೇ ನಾವು ಎಚ್ಚರಿಕೆಯ ಮಾತನ್ನಾಡಬೇಕಾಗಿದೆ. ಲೆಕ್ಕದ ಪುಸ್ತಕವು ತಂದುದನ್ನು ಲೆಕ್ಕದ ಪುಸ್ತಕವೇ ಒಯ್ಯಬಲ್ಲುದು. ಖಾಸಗಿ ಕೇಂದ್ರಗಳ ಹೆಸರುಗಳನ್ನೇ ನೋಡಿರಿ. 'ಎಸ್ ಎಫ್‌ಎಂ' ಎಂದು ಬಂದುದು ಕೆಲವೇ ವರ್ಷಗಳಲ್ಲಿ 'ರೆಡ್ ಎಫ್‌ಎಂ' ಆಯಿತು, ತರಂಗಾಂಕ 93.5 ಮಾತ್ರ ಹಾಗೆಯೇ ಉಳಿಯಿತು. ಒಡೆತನ ಬದಲಾದರೆ ಹೆಸರು ಬದಲಾಗುವುದು, ಹೆಸರಿನೊಡನೆ ಘೋಷವಾಕ್ಯ, ಘೋಷವಾಕ್ಯದೊಡನೆ ಹಾಡುಗಳ ಪಟ್ಟಿ. ಶ್ರೋತೃವನ್ನು ಮಾತ್ರ ಯಾರೂ ಕೇಳುವುದಿಲ್ಲ.

ಇದಕ್ಕೆ ಒಡೆಯರನ್ನಷ್ಟೇ ದೂರಿ ಫಲವಿಲ್ಲ. ಸರಕಾರದ ನೀತಿಯೂ ಕಾರಣ. ಮೊದಲನೆಯ ಹಂತದಲ್ಲಿ, ಅಂದರೆ 1999-2000ದ ಸುಮಾರಿಗೆ, 40 ಪಟ್ಟಣಗಳ 108 ತರಂಗಗಳನ್ನು ಹರಾಜಿಗಿಟ್ಟು, ಪರವಾನಗಿಯ ಹಣವು ವರ್ಷ ವರ್ಷವೂ ನೂರಕ್ಕೆ 15ರಂತೆ ಏರತಕ್ಕದ್ದೆಂದು ವಿಧಿಸಿದರು. ಭಾರ ತಾಳಲಾರದೆ ಬಹುಮಂದಿ ಹಿಂಜರಿದರು. ಪ್ರಾರಂಭವಾದುವು ಸುಮಾರು ಇಪ್ಪತ್ತು ಮಾತ್ರ. 2005ರ ಎರಡನೆಯ ಹಂತದಲ್ಲಿ ಆದಾಯದ ನೂರಕ್ಕೆ 4ರಷ್ಟನ್ನು ತೆಗೆದುಕೊಳ್ಳುವ ವಿವೇಕ ಬಂದಿತು. 2011ರ ಮೂರನೆಯ ಹಂತದ ನೀತಿಯು ಒಬ್ಬನೇ ಒಡೆಯನ ಕೇಂದ್ರಗಳು ದೇಶದಾದ್ಯಂತ ಜೋಡಣೆಗೊಂಡು ಒಂದೇ ಕಾರ್ಯಕ್ರಮವನ್ನು ಹಂಚಿಕೊಳ್ಳಲು ಅವಕಾಶವಿತ್ತಿತು. ಖರ್ಚು ಉಳಿಯುವುದೇನೋ ನಿಜ. ಆದರೆ ಮುಂಬಯಿಯಲ್ಲಿ ಕುಳಿತು ಆಡಿದ ಮಾತು ಸಣ್ಣ ಪಟ್ಟಣವೊಂದರ ಗೋಪುರದಿಂದ ಹೊರಟರೆ ಅದನ್ನು ಆ ಪಟ್ಟಣದ ಬಾನುಲಿಯೆಂದು ಕರೆಯುವುದು ಹೇಗೆ?

ಸುದ್ದಿಯ ವಿಷಯ ಇನ್ನೂ ವಿಚಿತ್ರವಾದುದು. ದಿನಪತ್ರಿಕೆಗಳು ಸ್ವತಂತ್ರವಾಗಿ ಸುದ್ದಿ ಕೊಡಬಹುದು, ದೂರದರ್ಶಕದ ಖಾಸಗಿ ವಾಹಿನಿಗಳು ಹಗಲಿರುಳು ಕೂಗಬಹುದು. ಎಫ್‌ಎಂ ಕೇಂದ್ರಕ್ಕೆ ಮಾತ್ರ ಸ್ವಂತ ಸುದ್ದಿಯ ಅಧಿಕಾರವನ್ನು ಕೊಡದೆ, ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡತಕ್ಕದ್ದೆಂದು ವಿಧಿಸಿದರು. ಗಂಟೆಗೆ ಹತ್ತು ನಿಮಿಷಗಳ ಸುದ್ದಿಗೆ ಅನುಮತಿಯಿರಲೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವೇ 2023ರ ಸೆಪ್ಟೆಂಬರಿನಲ್ಲಿ ಶಿಫಾರಸು ಮಾಡಿತು. ಸುದ್ದಿಯನ್ನು ಕಸಿದುಕೊಂಡ ಮೇಲೆ ಹಾಡು, ಹರಟೆ, ಜಾಹೀರಾತು—ಇವಲ್ಲದೆ ಕೇಂದ್ರಕ್ಕೆ ಉಳಿಯುವುದೇನು? ಎಲ್ಲ ಕೇಂದ್ರಗಳೂ ಒಂದೇ ಬಗೆಯಾಗಿ ಕೇಳಿಸುವುದಕ್ಕೆ ಇದು ಮೂಲಕಾರಣವೆಂದು ನಮ್ಮ ಅಭಿಪ್ರಾಯ.

ಮೂರನೆಯ ದಾರಿಯೊಂದುಂಟು. ಕೋಲಾರ ಜಿಲ್ಲೆಯ ಬೂದಿಕೋಟೆಯ ಹಳ್ಳಿಗರು, ಬಾನಿನಲ್ಲಿ ಪ್ರಸಾರ ಮಾಡಲು ಕಾನೂನು ಅಡ್ಡಬಂದ ಕಾಲದಲ್ಲಿ, ತಂತಿಯ ಮೂಲಕವೇ ಮನೆಮನೆಗೆ 'ನಮ್ಮ ಧ್ವನಿ'ಯನ್ನು ಮುಟ್ಟಿಸಿದರು. 2006ರಲ್ಲಿ ಸರಕಾರವು ಸೇವಾಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಅನುಮತಿಯನ್ನು ವಿಸ್ತರಿಸಿತು. ಲಾಭವನ್ನೂ ದೆಹಲಿಯನ್ನೂ ಕಾಯದ ಆ ಕೇಂದ್ರಗಳಲ್ಲಿ ನಾವು ವಿಠ್ಠಲ ವಿಹಾರದ ನೆರಳನ್ನು ಕಾಣುತ್ತೇವೆ.

ಹಾಗಾದರೆ ಆಗತಕ್ಕದ್ದೇನು? ಮೊದಲನೆಯದಾಗಿ, ಪ್ರತಿಯೊಂದು ಪರವಾನಗಿಯಲ್ಲಿಯೂ ಊರಿನಲ್ಲಿಯೇ ತಯಾರಾದ, ಊರಿನ ಭಾಷೆಯ ಕಾರ್ಯಕ್ರಮಕ್ಕೆ ನಿಶ್ಚಿತವಾದ ವೇಳೆಯಿರಬೇಕು. ಅದು ಪಾಲನೆಯಾಯಿತೆ ಎಂಬ ವರದಿಯು ವರ್ಷಕ್ಕೊಮ್ಮೆ ಜನರ ಮುಂದೆ ಬರಬೇಕು. ಎರಡನೆಯದಾಗಿ, ಸ್ಥಳೀಯ ಸುದ್ದಿಗೆ ಅನುಮತಿ ದೊರೆಯಬೇಕು. ತಪ್ಪು ಸುದ್ದಿಗೆ ಪತ್ರಿಕೆಗಳಂತೆ ಅವರೂ ಕಾನೂನಿಗೆ ಉತ್ತರವಾದಿಗಳಾಗಲಿ. ಮೂರನೆಯದಾಗಿ, ಮೈಸೂರು, ಧಾರವಾಡಗಳಂಥ ಆಕಾಶವಾಣಿ ಕೇಂದ್ರಗಳ ಪ್ರಸಾರದ ವೇಳೆಯನ್ನು ಮಿತವ್ಯಯದ ಹೆಸರಿನಲ್ಲಿ ರಾಜಧಾನಿಯ ಮರುಪ್ರಸಾರದಿಂದ ತುಂಬಕೂಡದು. ನಾಲ್ಕನೆಯದು ನಮ್ಮ ಪಾಲಿನದು: ಕನ್ನಡಿಗರು ಕನ್ನಡ ಕಾರ್ಯಕ್ರಮವನ್ನು ಕೇಳಬೇಕು, ಕೇಳಿ ಬರೆದು ತಿಳಿಸಬೇಕು, ಬದಲಾದಾಗ ಪ್ರಶ್ನಿಸಬೇಕು.

'ವ್ಯಾಪಾರಿಯು ಹಣ ಹಾಕಿದ್ದಾನೆ, ಅವನಿಗೆ ಇಷ್ಟ ಬಂದುದನ್ನು ಹಾಡಿಸಲಿ' ಎನ್ನುವವರು ಇದ್ದಾರೆ. ಅಂಗಡಿಯಲ್ಲಿಟ್ಟ ಸರಕಿಗೆ ಆ ಮಾತು ಸಲ್ಲುವುದು. ತರಂಗವಾದರೋ ಪ್ರಜೆಗಳ ಸ್ವತ್ತು. ವ್ಯಾಪಾರಿಯು ಅದರ ಒಕ್ಕಲು, ಯಜಮಾನನಲ್ಲ. ಒಕ್ಕಲು ಗೇಣಿಯನ್ನು ಸಲ್ಲಿಸುವುದು ಹಣದಲ್ಲಿ ಮಾತ್ರವಲ್ಲ, ಊರಿಗೆ ಬೇಕಾದ ಬೆಳೆಯಲ್ಲಿಯೂ ಕೂಡ. ಹಾಗೆಂದು ಕೇಸ್ಕರರಂತೆ ಹಾಡುಗಳನ್ನು ಹೊರಗಟ್ಟಬೇಕೆಂದು ನಾವು ಹೇಳುವುದಿಲ್ಲ. ಪರಭಾಷೆಯ ಹಾಡನ್ನು ಕೇಳುವ ನೆರೆಯವನ ಮೇಲೆ ನಮಗೆ ಮುನಿಸೂ ಇಲ್ಲ. ಮನೆಗೆ ಬಂದ ಅತಿಥಿಗೆ ಮಣೆ ಹಾಕೋಣ. ಮನೆಯವರಿಗೂ ಮಣೆಯಿರಲಿ ಎಂಬುದಷ್ಟೇ ನಮ್ಮ ವಾದ.

ಕಾಲಕ್ಕೆ ತಕ್ಕಂತೆ ಕೇಂದ್ರಗಳು ಬದಲಾಗಲಿ. ಬದಲಾಗದೆ ನಿಂತುದು ಬಾಳಲಾರದು; ಮೈಸೂರಿನ ಕೇಂದ್ರವೂ ಮಧ್ಯಮ ತರಂಗವನ್ನು ಬಿಟ್ಟು ಎಫ್‌ಎಂ ಆಗಿಯೇ ಇಂದಿನ ಕಿವಿಗಳನ್ನು ಮುಟ್ಟುತ್ತಿದೆ. ಯಂತ್ರ ಬದಲಾಗಲಿ, ಹೆಸರು ಬದಲಾಗಲಿ, ಹಾಡು ಬದಲಾಗಲಿ. ಆದರೆ ಸಂಜೆ ಪೆಟ್ಟಿಗೆಯ ಗುಂಡಿಯನ್ನು ತಿರುಗಿಸಿದ ಮೈಸೂರಿನವನಿಗೆ ತಾನು ಮೈಸೂರಿನಲ್ಲಿದ್ದೇನೆಂದು ತಿಳಿಯುವಂತಿರಬೇಕು. 30 ವ್ಯಾಟ್ ಯಂತ್ರದಿಂದ ಒಬ್ಬ ಉಪಾಧ್ಯಾಯರಿಗೆ ಸಾಧ್ಯವಾದುದು ನೂರಾರು ಕೋಟಿಯ ಹರಾಜಿನಿಂದ ಸಾಧ್ಯವಾಗದಿದ್ದರೆ, ಕೊರತೆಯಿರುವುದು ಶಕ್ತಿಯಲ್ಲಲ್ಲ, ಸಂಕಲ್ಪದಲ್ಲಿ. ಹೊಸ ಹರಾಜಿನ ಹೊಣೆ ಹೊತ್ತವರು ಇದನ್ನು ಮನಗಾಣಲೆಂದು ಹಾರೈಸುತ್ತೇವೆ.